ಹಳೆ ಡಿಶ್ ಸಾಮಾನು ಒಟ್ಟಿಗೆ 9,500 ಕೇಳ್ತಿದ್ದಾರೆ: ಯಾವುದಕ್ಕೆ ಎಷ್ಟು ಕೊಡಬಹುದು?

ಲೈನ್‌ಮನೆ_5

ಮೂಡಿಗೆರೆ ಹತ್ತಿರ ಒಂದು ಹೋಮ್‌ಸ್ಟೇ ಮುಚ್ತಿದ್ದಾರೆ. ಅಲ್ಲಿನ ಟಿವಿ ಸಾಮಾನೆಲ್ಲ ಒಂದೇ ಗಂಟು, ಬಿಡಿಸಿ ಕೊಡಲ್ಲ, 9,500 ಅಂತಿದ್ದಾರೆ. ಪಟ್ಟಿ ಹೀಗಿದೆ: 8 ಅಡಿಯ ಜಾಲರಿ ಡಿಶ್ ಒಂದು, ಅದರ ಸಿ-ಬ್ಯಾಂಡ್ (4 ಗಿಗಾಹರ್ಟ್ಸ್ ಆಸುಪಾಸಿನ ಬ್ಯಾಂಡ್) ಎಲ್‌ಎನ್‌ಬಿ (ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯೋ ತಲೆ) ಸಮೇತ. 90 ಸೆಂ.ಮೀ. ತಗಡಿನ ಡಿಶ್ ಒಂದು, 60 ಸೆಂ.ಮೀ.ದು ಮೂರು. ನಾಲ್ಕು ಔಟ್‌ಪುಟ್‌ನ ಎಲ್‌ಎನ್‌ಬಿ ಒಂದು, ಸಿಂಗಲ್ ಮೂರು. ಫ್ರೀ ಡಿಶ್ (ತಿಂಗಳ ದುಡ್ಡಿಲ್ಲದ ದೂರದರ್ಶನದ ಸೇವೆ) ಬಾಕ್ಸ್ ನಾಲ್ಕು (ಎರಡಕ್ಕೆ ಎಚ್‌ಡಿಎಂಐ ಇದೆ, ಎರಡಕ್ಕೆ ಇಲ್ಲ). ತಿಂಗಳ ದುಡ್ಡು ಕಟ್ಟುವ ಕಂಪನಿಯ ಎಚ್‌ಡಿ ಬಾಕ್ಸ್ ಮೂರು. ಆರ್‌ಜಿ-6 ಕೇಬಲ್ ಸುಮಾರು 150 ಮೀಟರ್, ಸದ್ಯ ಗೋಡೆ ಮೇಲೆಯೇ ಇದೆ. ಜೊತೆಗೆ ಸಿಗ್ನಲ್ ನೋಡೋ ಒಂದು ಸೂಜಿ ಮೀಟರ್.

ನಮಗೆ ಬೇಕಿರೋದು ಸಕಲೇಶಪುರ ಕಡೆಯ ತೋಟದಲ್ಲಿ ನಾಲ್ಕು ಲೈನ್ ಮನೆಗೆ (ತೋಟದ ಆಳುಗಳ ಮನೆ) ಮತ್ತು ರೈಟರ್ (ತೋಟದ ಗುಮಾಸ್ತ) ಮನೆಗೆ ಫ್ರೀ ಡಿಶ್. ಚಂದನ, ವಾರ್ತೆ, ಸಿನಿಮಾ ಬಂದ್ರೆ ಸಾಕು. ಲೈನ್ ಮನೆಗಳು ಒಂದೇ ಸಾಲಲ್ಲಿವೆ, ಡಿಶ್ ಇಡೋ ಜಾಗದಿಂದ 10ರಿಂದ 30 ಮೀಟರ್. ರೈಟರ್ ಮನೆ ಮಾತ್ರ 60 ಮೀಟರ್ ಆಚೆ. ಸುತ್ತ ಸಿಲ್ವರ್ ಓಕ್ ಮರ. ಡಿಶ್‌ಗಳು ಇನ್ನೂ ಮಾಳಿಗೆ ಮೇಲೇ ಇವೆ, ಕರೆಂಟ್ ಇದೆ. ಈ ಭಾನುವಾರ ನೋಡೋಕೆ ಹೋಗ್ಬೇಕು. ಏನೇನು ಪರೀಕ್ಷೆ ಮಾಡ್ಬೇಕು, ಎಷ್ಟಕ್ಕೆ ಕೇಳ್ಬೇಕು?

---

ಎಫ್‌ಪಿನ್_ಹಾಸನ

ಕರೆಂಟ್ ಇದೆ, ಡಿಶ್ ಇನ್ನೂ ಬಿಚ್ಚಿಲ್ಲ ಅನ್ನೋದೇ ನಿಮ್ಮ ಕೈಲಿರೋ ದೊಡ್ಡ ಅನುಕೂಲ. ಬಿಚ್ಚಿ ಗೋಣಿಗೆ ತುಂಬಿದ ಮೇಲೆ ಎಲ್‌ಎನ್‌ಬಿ, ಕೇಬಲ್, ಬಾಕ್ಸ್ ಯಾವುದು ಸತ್ತಿದೆ ಅಂತ ಹೇಳೋಕಾಗಲ್ಲ, ಆಗ ಎಲ್ಲಕ್ಕೂ ಗುಜರಿ ಬೆಲೆನೇ. ಅದಕ್ಕೆ ಮಾಲೀಕರಿಗೆ ಇವತ್ತೇ ಫೋನ್ ಮಾಡಿ, ನಾವು ಬರೋವರೆಗೂ ಒಂದು ನಟ್ಟೂ ಬಿಚ್ಚಬೇಡಿ ಅಂತ ಹೇಳಿ.

ಹೋಗುವಾಗ ಒಯ್ಯಬೇಕಾದ್ದು: ಕೆಲಸ ಮಾಡ್ತಿರೋ ಎಂಪೆಗ್-4 (ಚಿತ್ರ ಕುಗ್ಗಿಸಿ ಕಳಿಸೋ ಹೊಸ ವಿಧಾನ; ಹಳೇದು ಎಂಪೆಗ್-2) ಫ್ರೀ ಡಿಶ್ ಬಾಕ್ಸ್ ಒಂದು, ಸಣ್ಣ ಟಿವಿ ಇಲ್ಲಾ ಮಾನಿಟರ್, 2 ಮೀಟರ್ ಒಳ್ಳೆ ಕೇಬಲ್‌ಗೆ ಎರಡೂ ಕಡೆ ಎಫ್ ಕನೆಕ್ಟರ್ (ಡಿಶ್ ಕೇಬಲ್‌ನ ತಿರುಗಿಸೋ ತುದಿ) ಹಾಕಿದ್ದು, ಮಲ್ಟಿಮೀಟರ್, ಒಂದು ಅಯಸ್ಕಾಂತ, 10 ಮತ್ತು 13 ನಂಬರ್ ಸ್ಪ್ಯಾನರ್, ಬಿಳಿ ನೂಲು, ಒಂದು ಗೋಣಿಚೀಲ. ನೂಲು, ಗೋಣಿ ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲು 90ರ ಡಿಶ್. ನಿಮ್ಮ ಗಂಟಿನಲ್ಲಿ ನಿಜವಾಗಿ ಬೆಲೆ ಇರೋದು ಅದಕ್ಕೆ. ಮಲೆನಾಡಿನ ಮಳೇಲಿ 60ರ ಡಿಶ್ ಜೂನ್, ಜುಲೈನಲ್ಲಿ ದಿನಕ್ಕೆ ಹತ್ತು ಸಲ ಕೈ ಕೊಡುತ್ತೆ. 90 ಸೆಂ.ಮೀ. ಅಂದ್ರೆ 60ಕ್ಕಿಂತ ಸುಮಾರು 3.5 ಡಿಬಿ (ಡೆಸಿಬೆಲ್, ಸಿಗ್ನಲ್‌ನ ಅಳತೆ) ಜಾಸ್ತಿ. ಜಡಿಮಳೆಗೆ ಅದೂ ಹೋಗುತ್ತೆ, ಆದ್ರೆ ಸಾಧಾರಣ ಮಳೆಗೆ ನಿಲ್ಲುತ್ತೆ.

ತಗಡು ತಿರುಚಿದೆಯಾ ಅಂತ ಕಣ್ಣಿಗೆ ಕಾಣಲ್ಲ. ನೂಲು ತಗೊಳ್ಳಿ. ಡಿಶ್‌ನ ಬಾಯಿಗೆ ಅಡ್ಡ ಒಂದು, ಉದ್ದ ಒಂದು ಬಿಗಿಯಾಗಿ ಎಳೆದು ಅಂಚಿಗೆ ಟೇಪ್ ಹಾಕಿ. ಎರಡು ನೂಲೂ ನಡುವೆ ಒಂದಕ್ಕೊಂದು ಸೋಕಿದ ಹಾಗೆ ಇರ್ಬೇಕು. ನಡುವೆ ಸಂದು ಕಂಡ್ರೆ, ಆಮೇಲೆ ಮೇಲಿನ ನೂಲನ್ನ ಕೆಳಗೆ ಮಾಡಿ ಇನ್ನೊಂದು ಸಲ ನೋಡಿ. ಆಗ ಒಂದನ್ನೊಂದು ಒತ್ತಿ ಬಗ್ಗಿಸ್ತಿದ್ರೆ ತಗಡು ತಿರುಚಿದೆ ಅಂತಲೇ. 90ರ ಡಿಶ್‌ಗೆ 2-3 ಮಿ.ಮೀ. ಸಂದು ಸಹಿಸಬಹುದು, 5 ಮಿ.ಮೀ. ದಾಟಿದ್ರೆ ಬೇಡ. ಕೋತಿ ಕೂತು, ಕೊಂಬೆ ಬಿದ್ದು ಬಗ್ಗಿರೋದೇ ಹೆಚ್ಚು. ಹಿಂದಿನ ಕ್ಲಾಂಪು, ಎಲ್‌ಎನ್‌ಬಿ ಹಿಡಿಯೋ ಪ್ಲಾಸ್ಟಿಕ್ ತುಂಡು ಸೀಳಿದೆಯಾ ನೋಡಿ. ಬಣ್ಣ ಹೋಗಿ ಮೇಲ್ಮೇಲೆ ತುಕ್ಕು ಹಿಡಿದಿದ್ರೆ ಸಿಗ್ನಲ್‌ಗೆ ಏನೂ ಆಗಲ್ಲ, ಅದನ್ನ ತೋರಿಸಿ ಬೆಲೆ ಇಳಿಸಬಹುದು ಅಷ್ಟೆ.

ಆಮೇಲೆ ಬಾಕ್ಸ್ ಹಾಕಿ ಚಾನೆಲ್ ಹುಡುಕೋ ಮೆನುವಿನಲ್ಲಿ ಫ್ರೀಕ್ವೆನ್ಸಿ 11090 ವರ್ಟಿಕಲ್, ಸಿಂಬಲ್ ರೇಟ್ 29500 ಕೊಟ್ಟು ಕ್ವಾಲಿಟಿ ಪಟ್ಟಿ ನೋಡಿ. ಮಾರೋರು ‘ಸ್ಟ್ರೆಂತ್ 90 ಇದೆ’ ಅಂತಾರೆ. ಅದನ್ನ ನಂಬಬೇಡಿ. ಎಲ್‌ಎನ್‌ಬಿಗೆ ಕರೆಂಟ್ ಹೋದ್ರೆ ಸಾಕು, ಡಿಶ್ ಗೋಡೆ ಕಡೆ ಮುಖ ಮಾಡಿದ್ರೂ ಸ್ಟ್ರೆಂತ್ ತೋರಿಸುತ್ತೆ. ಕ್ವಾಲಿಟಿ ಒಂದೇ ಲೆಕ್ಕ. ಡಿಶ್ ಬೇರೆ ಉಪಗ್ರಹಕ್ಕೆ ತಿರುಗಿದ್ರೆ ಕ್ಲಾಂಪಿನ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ತಿರುಗಿಸಿ, ಪರೀಕ್ಷೆಗೆ ಅಂತ ಹೇಳಿದ್ರೆ ಯಾರೂ ಬೇಡ ಅನ್ನಲ್ಲ.

ಈಗ ಗೋಣಿಚೀಲ. ನೀರಲ್ಲಿ ಅದ್ದಿ, ಹಿಂಡಿ, ಡಿಶ್‌ನ ಮುಖದಲ್ಲಿ ಕಾಲು ಭಾಗ ಮುಚ್ಚೋ ಹಾಗೆ ಹೊದಿಸಿ. ಒದ್ದೆ ಗೋಣಿ ಸಿಗ್ನಲ್ ಹೀರುತ್ತೆ, ಸುಮಾರು 2.5 ಡಿಬಿ ಕಳೆದ ಹಾಗೆ. ಚಿತ್ರ ಒಡೆಯದೆ ನಿಂತ್ರೆ ಮಳೆಗಾಲಕ್ಕೆ ಅಷ್ಟು ಉಳಿಕೆ ಇದೆ ಅಂತ ಅರ್ಥ. ಬಿಸಿಲಲ್ಲಿ ಚೆನ್ನಾಗಿ ಬರೋದು ಪರೀಕ್ಷೆನೇ ಅಲ್ಲ.

---

ಬೇಲೂರು_ಸೋಲ್ಡರ್

ಮೇಲಿನ ಅಣ್ಣ ಡಿಶ್ ವಿಷಯ ಹೇಳಿದ್ರು, ನಾನು ಬಾಕ್ಸ್ ಮತ್ತು ಎಲ್‌ಎನ್‌ಬಿ ಹೇಳ್ತೀನಿ.

ತಿಂಗಳ ದುಡ್ಡಿನ ಮೂರು ಬಾಕ್ಸ್‌ಗೆ ಸೊನ್ನೆ ಹಾಕಿ. ಒಂದು ಕಂಪನಿಯ ಬಾಕ್ಸ್ ಇನ್ನೊಂದು ಕಂಪನಿಗೆ ಆಗಲ್ಲ, ಫ್ರೀ ಡಿಶ್‌ಗಂತೂ ಆಗೋದೇ ಇಲ್ಲ. ಕಾರ್ಡು ಬಾಕ್ಸಿಗೆ ಕಟ್ಟಿಹಾಕಿರುತ್ತೆ, ಖಾತೆ ಹಳೆ ಮಾಲೀಕರ ಮೊಬೈಲಿಗೆ ಕಟ್ಟಿಹಾಕಿರುತ್ತೆ. ಎಷ್ಟೋ ಕಡೆ ಬಾಕ್ಸ್ ಮಾರೋರದ್ದೇ ಅಲ್ಲ, ಕಂಪನಿಯವರು ಬಳಸೋಕೆ ಕೊಟ್ಟಿರೋದು, ಹಾಗಾಗಿ ಕೊಂಡ್ರೂ ತಕರಾರು. ಅದರ 12 ವೋಲ್ಟ್ ಅಡಾಪ್ಟರ್ ಮತ್ತು ಎಚ್‌ಡಿಎಂಐ ತಂತಿ ಕೊಟ್ರೆ ಇಸ್ಕೊಳ್ಳಿ. ಅಡಾಪ್ಟರ್ ಬೇರೆ ಬಾಕ್ಸ್‌ಗೆ ಹಾಕೋ ಮುಂಚೆ ಆಂಪಿಯರ್ ಮತ್ತು ಪಿನ್ನಿನ ಪ್ಲಸ್ ಮೈನಸ್ ನೋಡ್ಕೊಳ್ಳಿ.

ಫ್ರೀ ಡಿಶ್ ಬಾಕ್ಸ್: ಎಚ್‌ಡಿಎಂಐ ಇಲ್ಲದ ಎರಡು ಬಹುಪಾಲು ಎಂಪೆಗ್-2. ಅವು ಎಂಪೆಗ್-2 ಚಾನೆಲ್ ಮಾತ್ರ ತೋರಿಸ್ತವೆ, ಎಂಪೆಗ್-4ರಲ್ಲಿ ಬರೋ ಚಾನೆಲ್ ಪಟ್ಟಿಗೇ ಬರಲ್ಲ. ರಿಪೇರಿ ಮಾಡಿ ಸರಿ ಮಾಡೋ ಕೊರತೆ ಅಲ್ಲ ಅದು, ಒಳಗಿನ ಚಿಪ್ಪಿನ ಮಿತಿ. ದುಡ್ಡು ಕೊಡಬೇಡಿ. ಎಚ್‌ಡಿಎಂಐ ಇರೋ ಎರಡನ್ನ ಆನ್ ಮಾಡಿ, ಅರ್ಧ ಗಂಟೆ ಓಡಿಸಿ. ಹೊಸ ಚಾನೆಲ್ ಹುಡುಕಾಟ ಕೊಟ್ಟು ಎಂಪೆಗ್-4 ಚಾನೆಲ್ ಬಂತಾ ನೋಡಿ. ಎಚ್‌ಡಿಎಂಐ ತೂತು ಇದೆ ಅಂದ ಮಾತ್ರಕ್ಕೆ ಖಾತ್ರಿ ಅಲ್ಲ.

ಬಾಕ್ಸ್‌ಗಳಲ್ಲಿ ಹಾಳಾಗೋದು ಎರಡೇ ಜಾಗ. ಒಂದು, ಪವರ್ ಬೋರ್ಡಿನ ಕೆಪಾಸಿಟರ್. ತಲೆ ಉಬ್ಬಿದ್ರೆ ಬಾಕ್ಸ್ ಆನ್ ಆಗಿ ಲೋಗೋದಲ್ಲೇ ನಿಲ್ಲುತ್ತೆ, ಇಲ್ಲಾ ಬಿಸಿಯಾದ ಮೇಲೆ ತಾನಾಗೇ ಆಫ್ ಆಗಿ ಆನ್ ಆಗುತ್ತೆ. ಅದೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚು ವೋಲ್ಟಿನ 105 ಡಿಗ್ರಿ ಕೆಪಾಸಿಟರ್ ಹಾಕಿದ್ರೆ ಮುಗೀತು, ಸಾಮಾನಿನ ಖರ್ಚು ಟೀ ದುಡ್ಡಿನಷ್ಟು. ಎರಡು, ಎಲ್‌ಎನ್‌ಬಿ ಜಾಗ, ಅಂದ್ರೆ ಕೇಬಲ್ ತಿರುಗಿಸೋ ತೂತು. ಏಪ್ರಿಲ್-ಮೇ ಗುಡುಗಿಗೆ ಸುಟ್ಟಿರುತ್ತೆ. ಕೇಬಲ್ ತೆಗೆದು ಮಲ್ಟಿಮೀಟರನ್ನ ಡಿಸಿಗಿಟ್ಟು, ಕೆಂಪು ಕಡ್ಡಿ ನಡುವಿನ ತೂತಿಗೆ, ಕಪ್ಪು ಹೊರಗಿನ ಲೋಹದ ಮರೆಗೆ. ವರ್ಟಿಕಲ್ ಚಾನೆಲ್ ಹಾಕಿದಾಗ 13-14 ವೋಲ್ಟ್, ಹಾರಿಜಾಂಟಲ್‌ಗೆ 18-19 ಬರ್ಬೇಕು. ಕಡ್ಡಿ ನಡುವಿಂದ ಮರೆಗೆ ಜಾರಿದ್ರೆ ಶಾರ್ಟ್ ಆಗುತ್ತೆ, ಕೈ ಗಟ್ಟಿ ಇರ್ಲಿ. ಏನೂ ಬರದಿದ್ರೆ ಆ ಬಾಕ್ಸ್ ಬಿಟ್ಟುಬಿಡಿ. ರಿಪೇರಿ ಆಗುತ್ತೆ, ಆದ್ರೆ ಕೂಲಿ ಕೊಟ್ಟು ಮಾಡಿಸೋ ಬಾಬತ್ತಲ್ಲ.

ಎಲ್‌ಎನ್‌ಬಿ ಲೇಬಲ್ ಓದಿ. 9750/10600 ಅಂತ ಇರ್ಬೇಕು (ಬಂದ ಫ್ರೀಕ್ವೆನ್ಸಿಯಿಂದ ಎಲ್‌ಎನ್‌ಬಿ ಕಳೆಯೋ ಸಂಖ್ಯೆ ಅದು). ಬೇರೆ ಸಂಖ್ಯೆ ಒಂದೇ ಒಂದು ಇದ್ರೆ ಅದು ನಿಮ್ಮ ಕೆಲಸಕ್ಕಲ್ಲ. ಮುಂದಿನ ಮುಚ್ಚಳ ಬಿಸಿಲಿಗೆ ಬಿಳಿಚಿ ಕೂದಲೆಳೆ ಬಿರುಕು ಬಿಟ್ಟಿದ್ರೆ ಒಳಗೆ ನೀರು ಹೋಗಿದೆ ಅಂತಲೇ ಲೆಕ್ಕ. ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ ಕೆಲವು ಸಲ ಕೇಳಿಸುತ್ತೆ. ಸಿಂಗಲ್ ಮೂರಕ್ಕೆ ಬೆಲೆ ಕಟ್ಟಬೇಡಿ, ಹೊಸದೇ ಅಗ್ಗ. ನಾಲ್ಕರದ್ದು ಮಾತ್ರ ಬೆಲೆ ಬಾಳುತ್ತೆ. ನಾಲ್ಕು ತೂತಿಗೂ ಒಂದೊಂದಾಗಿ, ಉಳಿದ ಮೂರು ತೆಗೆದಿಟ್ಟು, ಅದೇ 2 ಮೀಟರ್ ಕೇಬಲ್ ಹಾಕಿ ಕ್ವಾಲಿಟಿ ಬರ್ಕೊಳ್ಳಿ. ಒಂದು ತೂತಲ್ಲಿ ಮಾತ್ರ ತೀರಾ ಕಡಿಮೆ ಬಂದ್ರೆ ಅದು ಮೂರರ ಎಲ್‌ಎನ್‌ಬಿ, ಬೆಲೇನೂ ಹಾಗೇ.

---

ಕೊಟ್ಟಿಗೆಹಾರ_ಮಂಜು

ಆ 8 ಅಡಿ ಡಿಶ್ ಬಿಡಬೇಡಿ ಗೌಡ್ರೇ. ಅದಕ್ಕೇ ಕೆಯು (ಫ್ರೀ ಡಿಶ್ ಬರೋ ಬ್ಯಾಂಡ್) ಎಲ್‌ಎನ್‌ಬಿ ಹಾಕಿದ್ರೆ 90ರದ್ದಕ್ಕಿಂತ ಎಷ್ಟೋ ಪಾಲು ಸಿಗ್ನಲ್ ಬರುತ್ತಲ್ಲ, ಯಾವ ಮಳೆಗೂ ಹೋಗಲ್ಲ. ನಾಲ್ಕರ ಎಲ್‌ಎನ್‌ಬಿ ಬೇಡ, ಒಂದು ಸಿಂಗಲ್‌ಗೆ 5 ರೂಪಾಯಿ ಸ್ಪ್ಲಿಟರ್ ಹಾಕಿದ್ರೂ ಐದು ಮನೆಗೂ ಹೋಗುತ್ತೆ.

---

ಎಫ್‌ಪಿನ್_ಹಾಸನ

ಮಂಜಣ್ಣ, ಎರಡೂ ಆಗಲ್ಲ. ಸಿ-ಬ್ಯಾಂಡ್‌ನಲ್ಲಿ 4 ಗಿಗಾಹರ್ಟ್ಸ್ ಅಲೆ 7.5 ಸೆಂ.ಮೀ. ಉದ್ದ, ಫ್ರೀ ಡಿಶ್‌ನ 11 ಗಿಗಾಹರ್ಟ್ಸ್ ಅಲೆ ಸುಮಾರು 2.7 ಸೆಂ.ಮೀ. ಸಿ-ಬ್ಯಾಂಡ್‌ಗೆ ಅಂತ ಮಾಡಿದ ಜಾಲರಿಯ ಕಣ್ಣು ದೊಡ್ಡದು, ಆಕಾರದಲ್ಲೂ 4-5 ಮಿ.ಮೀ. ಏರುಪೇರು ಇದ್ರೆ ಆ ಬ್ಯಾಂಡ್‌ಗೆ ನಡೆಯುತ್ತೆ. ಕೆಯುಗೆ ಒಂದೂವರೆ ಮಿ.ಮೀ. ಒಳಗಿರ್ಬೇಕು. ಹಳೆ ಜಾಲರಿ ಡಿಶ್ ಅಷ್ಟು ನುಣ್ಣಗೆ ಇರೋದಿಲ್ಲ. ಜೊತೆಗೆ ಅಷ್ಟು ದೊಡ್ಡದರ ಕಿರಣ ಬಹಳ ಕಿರಿದು, ಗಾಳಿಗೆ ಸ್ವಲ್ಪ ಅಲ್ಲಾಡಿದ್ರೂ ಉಪಗ್ರಹ ತಪ್ಪುತ್ತೆ.

ಸ್ಪ್ಲಿಟರ್ ವಿಷಯ: ಎಲ್ಲರೂ ನೋಡೋ ಚಾನೆಲ್‌ಗಳೆಲ್ಲ ಒಂದೇ ಧ್ರುವೀಕರಣದಲ್ಲಿದ್ರೆ (ಎಲ್ಲಾ ವರ್ಟಿಕಲ್, ಇಲ್ಲಾ ಎಲ್ಲಾ ಹಾರಿಜಾಂಟಲ್) ಸ್ಪ್ಲಿಟರ್ ನಡೆಯುತ್ತೆ. ಒಬ್ಬರು 13 ವೋಲ್ಟ್ ಕೇಳಿ, ಇನ್ನೊಬ್ಬರು 18 ಕೇಳಿದ್ರೆ ಒಬ್ಬರ ಮನೇಲಿ ಚಿತ್ರ ಹೋಗುತ್ತೆ. ಅದೂ ಅಲ್ದೆ ಕೇಬಲ್ ಟಿವಿಯ 5 ರೂಪಾಯಿ ಸ್ಪ್ಲಿಟರ್ 860 ಮೆಗಾಹರ್ಟ್ಸ್‌ಗೆ ಮಾಡಿದ್ದು. 11090ರಿಂದ 9750 ಕಳೆದ್ರೆ ಕೇಬಲ್‌ನಲ್ಲಿ ಇಳಿಯೋದು 1340 ಮೆಗಾಹರ್ಟ್ಸ್, ಅದು ಅಲ್ಲಿ ಸಾಯುತ್ತೆ. ಮೇಲೆ ‘950-2150’ ಅಂತ ಬರೆದಿರೋ ಸ್ಪ್ಲಿಟರೇ ಬೇಕು. ನಾಲ್ಕು ಭಾಗ ಮಾಡಿದ್ರೆ ಒಂದೊಂದಕ್ಕೂ 7-8 ಡಿಬಿ ಕಡಿಮೆ. ನಾಲ್ಕರ ಎಲ್‌ಎನ್‌ಬಿ ಸಿಗ್ತಿರುವಾಗ ಈ ಗೋಜು ಯಾಕೆ?

---

ಸೆಸ್ತಾರ_ಗಿರಿ

8 ಅಡಿ ಡಿಶ್‌ಗೆ ಬೆಲೆ ಹೇಗೆ ಅಂತ ಯಾರೂ ಹೇಳಿಲ್ಲ. ಅಯಸ್ಕಾಂತ ಹಿಡೀರಿ. ಜಾಲರಿ, ಪಟ್ಟಿ ಎರಡಕ್ಕೂ ಹಿಡಿಯದಿದ್ರೆ ಅಲ್ಯೂಮಿನಿಯಂ, ತೂಕಕ್ಕೆ ಒಳ್ಳೆ ದುಡ್ಡು. ಹಿಡಿದ್ರೆ ಕಬ್ಬಿಣ. ಮೂಡಿಗೆರೆ ಗುಜರಿ ಅಂಗಡಿಯಲ್ಲಿ ಅವತ್ತಿನ ಕೆಜಿ ದರ ಕೇಳ್ಕೊಂಡೇ ಹೋಗಿ, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡಬೇಡಿ. ನಿಮ್ಮ ಕೆಲಸಕ್ಕೆ ಅದು ಬೇಕಾಗಿಲ್ಲ.

ಸಿ-ಬ್ಯಾಂಡ್ ಹವ್ಯಾಸ ಇರೋರಿಗೆ ಮಾರೋ ಯೋಚನೆ ಇದ್ರೆ ಎರಡು ವಿಷಯ. ಒಂದು, ಮೂರು ಕಾಲುಗಳೂ ಎಲ್‌ಎನ್‌ಬಿ ಕೂರೋ ಉಂಗುರವೂ ಮೂಲದ್ದೇನಾ ನೋಡಿ. ಕಾಲು ಕತ್ತರಿಸಿ ಬೆಸುಗೆ ಹಾಕಿದ್ರೆ ಫೋಕಸ್ ತಪ್ಪಿರುತ್ತೆ. ಲೆಕ್ಕ ಸುಲಭ: ಅಗಲದ ವರ್ಗವನ್ನ ಆಳದ 16 ಪಟ್ಟಿನಿಂದ ಭಾಗಿಸಿ. 8 ಅಡಿ ಅಂದ್ರೆ 244 ಸೆಂ.ಮೀ.; ಬಾಯಿಗೆ ನೂಲು ಕಟ್ಟಿ ನಡುವಿನ ಆಳ ಅಳೆದಾಗ 39 ಬಂದ್ರೆ, 59,536 ಭಾಗಿಸು 624, ಹತ್ತಿರ ಹತ್ತಿರ 95 ಸೆಂ.ಮೀ. ಎಲ್‌ಎನ್‌ಬಿ ಬಾಯಿ ಡಿಶ್‌ನ ನಡುವಿಂದ ಅಷ್ಟು ಮೇಲಿರ್ಬೇಕು. ಎರಡು, ಎಲ್‌ಎನ್‌ಬಿ ಮೇಲೆ 3.4-4.2 ಅಂತ ಇದ್ರೆ ಅದು ಹಳೇ ಕಾಲದ್ದು. 2022ರ ಹರಾಜಿನಲ್ಲಿ 3300ರಿಂದ 3670 ಮೆಗಾಹರ್ಟ್ಸ್ 5ಜಿಗೆ ಹೋಯ್ತು. ಹತ್ತಿರ ಟವರ್ ಇದ್ರೆ ಆ ಎಲ್‌ಎನ್‌ಬಿ ಉಸಿರುಕಟ್ಟಿ ಎಲ್ಲಾ ಚಾನೆಲ್ ಒಡೆಯುತ್ತೆ. 3.7-4.2 ಇರೋದು, ಇಲ್ಲಾ ಮುಂದೆ ಫಿಲ್ಟರ್ ಬೇಕು. ಹಾಗಾಗಿ ಹಳೆ ಸಿ-ಬ್ಯಾಂಡ್ ಎಲ್‌ಎನ್‌ಬಿಗೆ ಬೆಲೆ ಇಲ್ಲ.

ಇನ್ನು ಕೇಬಲ್. 150 ಮೀಟರ್ ಅಂದ ಕೂಡ್ಲೇ ಖುಷಿ ಪಡಬೇಡಿ, ಇಂಥ ಗಂಟುಗಳಲ್ಲಿ ಮೋಸ ಹೋಗೋದು ಕೇಬಲ್‌ನಲ್ಲೇ. ಮಾಳಿಗೆ ಕಡೆಯ ತುದಿಯಿಂದ ಒಂದು ಅಡಿ ಒಳಗೆ ಕತ್ತರಿಸಿ, ಕಪ್ಪು ಸಿಪ್ಪೆ ಎರಡು ಇಂಚು ಸುಲೀರಿ. ಒಳಗಿನ ತಂತಿಯ ಹೆಣಿಗೆ ಪಳಪಳ ಅಂತ ಬೆಳ್ಳಗೆ ಇರ್ಬೇಕು, ಬೆರಳಿಗೆ ತಾಗಿದ್ರೆ ಒಣಗಿರ್ಬೇಕು. ಬೂದಿ ಬಣ್ಣ, ಬಿಳಿ ಪುಡಿ, ತೇವ ಕಂಡ್ರೆ ಇನ್ನೂ ಮೂರು ಅಡಿ ಒಳಗೆ ಕತ್ತರಿಸಿ ನೋಡಿ. ಅಲ್ಲೂ ಹಾಗೇ ಇದ್ರೆ ಅಷ್ಟೂ ಬಿಸಾಡೋದೇ. ಎಫ್ ಕನೆಕ್ಟರ್‌ನಿಂದ ಇಳಿದ ನೀರನ್ನ ಹೆಣಿಗೆ ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಹೀರ್ಕೊಂಡು ಮೀಟರ್‌ಗಟ್ಟಲೆ ಒಯ್ಯುತ್ತೆ. ನಡುವೆ ಅಳಿಲು, ಇಲಿ ಕಡಿದಿದೆಯಾ ಅಂತ ಇಡೀ ಉದ್ದ ಕೈಯಲ್ಲಿ ಜಾರಿಸಿ ನೋಡಿ. ಒಳ್ಳೆ ಕೇಬಲ್ಲೇ ಆದ್ರೂ 1340 ಮೆಗಾಹರ್ಟ್ಸ್‌ನಲ್ಲಿ 100 ಮೀಟರಿಗೆ 25 ಡಿಬಿ ಹತ್ತಿರ ನಷ್ಟ. 30 ಮೀಟರ್‌ಗೆ ತೊಂದರೆ ಇಲ್ಲ. 60 ಮೀಟರ್, ಅದೂ ನಡುವೆ ಜೋಡಣೆ ಹಾಕಿ, ಬೇಡ. ರೈಟರ್ ಮನೆಗೆ 60ರ ಡಿಶ್‌ನಲ್ಲಿ ಒಂದನ್ನ ಬೇರೆಯಾಗೇ ನಿಲ್ಲಿಸಿ.

---

ಎಫ್‌ಪಿನ್_ಹಾಸನ

ಗಿರಿಯಣ್ಣ ಹೇಳಿದ್ದು ಸರಿ, ಐದನೇ ಮನೆಗೆ ಬೇರೆ ಡಿಶ್. ಈಗ ದುಡ್ಡಿನ ಲೆಕ್ಕ, ಎಲ್ಲಾ ಪರೀಕ್ಷೆ ಪಾಸಾದ್ರೆ ಮಾತ್ರ: 90ರ ಡಿಶ್ ಸ್ಟ್ಯಾಂಡ್ ಸಮೇತ 700. 60ರದ್ದು ಮೂರಕ್ಕೆ ಸೇರಿ 300, ಅದು ಹೆಚ್ಚುಕಡಿಮೆ ಕಬ್ಬಿಣದ ತೂಕ. ನಾಲ್ಕರ ಎಲ್‌ಎನ್‌ಬಿ 250. ಎಂಪೆಗ್-4 ಬಾಕ್ಸ್ ರಿಮೋಟ್ ಇದ್ರೆ 250ರಂತೆ 500, ರಿಮೋಟ್ ಇಲ್ದಿದ್ರೆ ಒಂದಕ್ಕೆ 150. ಕೇಬಲ್ ಮೀಟರಿಗೆ 3ರಂತೆ, ಒಣಗಿರೋದು ಎಷ್ಟು ಉಳಿಯುತ್ತೋ ಅಷ್ಟಕ್ಕೆ ಮಾತ್ರ. 100 ಮೀಟರ್ ಉಳಿದ್ರೆ 300. ಸೂಜಿ ಮೀಟರ್ 100. ಒಟ್ಟು 2,150. ಅದರ ಮೇಲೆ 8 ಅಡಿಯದ್ದು ತೂಕಕ್ಕೆ.

9,500 ಕೇಳೋರಿಗೆ ಇದು ಕೋಪ ತರಿಸುತ್ತೆ, ಗೊತ್ತು. ಆದ್ರೆ ಹೊಸದಾಗಿ ಫ್ರೀ ಡಿಶ್ ಹಾಕಿಸೋಕೆ ಒಂದು ಮನೆಗೆ 2,000ದ ಆಸುಪಾಸು, ಅದಕ್ಕೆ ಗ್ಯಾರಂಟಿನೂ ಬರುತ್ತೆ. 9,500ಕ್ಕೆ ಈ ಗಂಟು ತಗೊಂಡ್ರೂ ಇನ್ನೂ ಮೂರು ಬಾಕ್ಸ್, ಹೊಸ ಕನೆಕ್ಟರ್ ಕೊಳ್ಳಬೇಕು. ಪಟ್ಟಿ ಬರೆದು ಒಂದೊಂದಕ್ಕೂ ಬೆಲೆ ಹಾಕಿ ಅವರ ಮುಂದಿಡಿ, ‘ಬಾಕ್ಸ್ ಮೂರು ನೀವೇ ಇಟ್ಕೊಳ್ಳಿ, ಕಂಪನಿಗೆ ವಾಪಸ್ ಕೊಡಬಹುದು’ ಅನ್ನಿ. ಬಿಡಿಸಿ ಕೊಡಲ್ಲ ಅನ್ನೋರು ಅಲ್ಲಿಗೆ ಸಾಮಾನ್ಯವಾಗಿ ಮೆತ್ತಗಾಗ್ತಾರೆ. 8 ಅಡಿಯದ್ದು ಅಲ್ಯೂಮಿನಿಯಂ ಆಗಿದ್ರೆ ಮಾತ್ರ ಒಟ್ಟು ಬೆಲೆ ಮೇಲೆ ಹೋಗೋಕೆ ಅವಕಾಶ ಇದೆ.

---

ಲೈನ್‌ಮನೆ_5

ಎಲ್ಲರಿಗೂ ನಮಸ್ಕಾರ, ಕಣ್ಣು ತೆರೀತು. ಇನ್ನೊಂದೇ ಸಂದೇಹ. ಸಿಲ್ವರ್ ಓಕ್ 60 ಅಡಿ ಎತ್ತರ ಇದೆ. ಮರ ಕಡಿಯೋ ಹಾಗಿಲ್ಲ, ಮೆಣಸಿನ ಬಳ್ಳಿ ಹಬ್ಬಿದೆ. ಡಿಶ್ ಎಲ್ಲಿಡೋದು?

---

ಸೆಸ್ತಾರ_ಗಿರಿ

ಮರ ಕಡಿಯೋದು ಬೇಡ. ಫ್ರೀ ಡಿಶ್ ಇರೋ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿದೆ. ನಮ್ಮ ಹಾಸನ, ಚಿಕ್ಕಮಗಳೂರಿಂದ ನೋಡಿದ್ರೆ ದಿಕ್ಸೂಚಿಯಲ್ಲಿ ಸುಮಾರು 126 ಡಿಗ್ರಿ, ಅಂದ್ರೆ ಆಗ್ನೇಯಕ್ಕಿಂತ ಸ್ವಲ್ಪ ಪೂರ್ವಕ್ಕೆ. ಎತ್ತರ 64-65 ಡಿಗ್ರಿ. ತಲೆ ಚೆನ್ನಾಗಿ ಎತ್ತಿ ನೋಡೋ ಎತ್ತರ ಅದು. ಆ ಕಡೆಯ ಮರ ಡಿಶ್‌ಗಿಂತ ಎಷ್ಟು ಮೇಲಿದೆಯೋ ಅದರ ಅರ್ಧ ದೂರ ಹಿಂದೆ ಸರಿದ್ರೆ ಸಾಕು. 60 ಅಡಿ ಮರಕ್ಕೆ 28 ಅಡಿ ಲೆಕ್ಕ ಬರುತ್ತೆ. ಕೊಂಬೆ ಚಾಚೋದು, ಮರ ಬೆಳೆಯೋದು ಸೇರಿಸಿ 40 ಅಡಿ ಇಡಿ. ಉಳಿದ ದಿಕ್ಕಿನ ಮರಗಳು ಲೆಕ್ಕಕ್ಕಿಲ್ಲ. ಕಾಫಿ ಕಣದ ವಾಯವ್ಯ ಮೂಲೆ ಇದಕ್ಕೆ ಹೇಳಿ ಮಾಡಿಸಿದ ಜಾಗ, ಮುಂದೆ ಕಣ ಬಯಲು.

ಡಿಶ್ ಮುಖ 65 ಡಿಗ್ರಿ ಮೇಲಕ್ಕೆ ತಿರುಗಿಸಬೇಡಿ, ಇದು ಓರೆ ಡಿಶ್, ಮುಖ ನೋಡೋ ದಿಕ್ಕಿಗಿಂತ ಮೇಲಿಂದ ಸಿಗ್ನಲ್ ಹಿಡಿಯುತ್ತೆ. ಅಗಲ, ಎತ್ತರ ಅಳೀರಿ: 60 ಅಗಲ, 66 ಎತ್ತರ ಇದ್ರೆ ಓರೆ ಕೋನ ಸುಮಾರು 24.5. ಹಾಗಾಗಿ ಮುಖ ನೆಟ್ಟಗೆ ನಿಂತ ಸ್ಥಿತಿಯಿಂದ 40 ಡಿಗ್ರಿ ಹಿಂದಕ್ಕೆ ವಾಲಿದ್ರೆ ಸರಿ. ಫೋನಿನ ಲೆವೆಲ್ ಸಾಕು. ಕಂಬ ಮಾತ್ರ ತೂಕದ ಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ಇಲ್ದಿದ್ರೆ ಈ ಲೆಕ್ಕ ಎಲ್ಲ ಕೆಡುತ್ತೆ. ಎಲ್‌ಎನ್‌ಬಿ ನೆಟ್ಟಗೆ ಕೂರಿಸಿದ್ರೆ ನಮ್ಮ ಕಡೆ ಕ್ವಾಲಿಟಿ ಪೂರ್ತಿ ಬರಲ್ಲ. ಕ್ಲಾಂಪು ಸಡಿಲಿಸಿ ಗಡಿಯಾರದ ಮುಳ್ಳಿನಂತೆ ಎರಡೂ ಕಡೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಕ್ವಾಲಿಟಿ ನೋಡಿ, ಹೆಚ್ಚು ಬಂದ ಕಡೆ ಬಿಗಿ ಮಾಡಿ.

ಹಾಸನದ ಸಾಲಗಾಮೆ ರಸ್ತೆಯ ಇಸ್ರೋ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದಲೇ ಈ ಉಪಗ್ರಹವನ್ನ ಜಾಗದಲ್ಲಿ ಹಿಡಿದಿಡೋದು. ಹಾಗಂತ ‘ಹಾಸನದಲ್ಲಿ ಸಿಗ್ನಲ್ ಜಾಸ್ತಿ, ಚಿಕ್ಕ ಡಿಶ್ ಸಾಕು’ ಅಂತ ಯಾರಾದ್ರೂ ಹೇಳಿದ್ರೆ ನಗ್ಬಿಡಿ. ಸಿಗ್ನಲ್ ಬರೋದು 36,000 ಕಿ.ಮೀ. ಮೇಲಿಂದ.

---

ಬೇಲೂರು_ಸೋಲ್ಡರ್

ಒಂದು ಬಿಟ್ಟುಹೋಗಿತ್ತು. ಅಲ್ಲಿಂದ ತಂದ ಕೇಬಲ್‌ಗೆ ಹಳೆ ಎಫ್ ಕನೆಕ್ಟರ್ ಹಾಗೇ ಬಳಸಬೇಡಿ, ಎಲ್ಲಾ ಹೊಸದು ಹಾಕಿ. ನಡುವಿನ ತಂತಿ ಸುತ್ತಲಿನ ಬಿಳಿ ನೊರೆ ಪದರವನ್ನ ಕನೆಕ್ಟರಿನ ಒಳ ಅಂಚಿಗೆ ಸರಿಯಾಗಿ ಕತ್ತರಿಸಿ, ನಡುವಿನ ತಂತಿ ತುದಿಯಿಂದ 2-3 ಮಿ.ಮೀ. ಆಚೆ ಬರ್ಲಿ. ಹೆಣಿಗೆಯ ಒಂದು ಎಳೆ ನಡುವಿನ ತಂತಿಗೆ ತಾಗಿದ್ರೂ ಬಾಕ್ಸ್ ‘ಆಂಟೆನಾ ಶಾರ್ಟ್’ ಅನ್ನುತ್ತೆ. ಎಲ್‌ಎನ್‌ಬಿ ಕಡೆ ಕನೆಕ್ಟರ್ ಮೇಲೆ ಸ್ವಯಂ ಅಂಟುವ ರಬ್ಬರ್ ಟೇಪ್ ಎಳೆದು ಸುತ್ತಿ, ಅದರ ಮೇಲೆ ಮಾಮೂಲಿ ಟೇಪು. ಕೇಬಲ್ ಕೆಳಗೆ ಒಂದು ಬಳಸು ಬಿಟ್ಟು ಆಮೇಲೆ ಮೇಲಕ್ಕೆ ಹತ್ತಿಸಿದ್ರೆ ನೀರು ಆ ಬಳಸಿನಿಂದ ತೊಟ್ಟಿಕ್ಕುತ್ತೆ, ಕನೆಕ್ಟರಿಗೆ ಹೋಗಲ್ಲ. ಗುಡುಗು ಶುರುವಾದ್ರೆ ಐದೂ ಮನೆಯವರು ಪ್ಲಗ್ ಜೊತೆ ಕೇಬಲ್ಲೂ ಬಿಚ್ಚಬೇಕು. ನಾಲ್ಕರ ಎಲ್‌ಎನ್‌ಬಿಯಲ್ಲಿ ಒಂದು ಮನೆಗೆ ಹೊಡೆದ್ರೆ ನಾಲ್ಕಕ್ಕೂ ಹೊಡೆಯುತ್ತೆ.

---

ಲೈನ್‌ಮನೆ_5

ಹೋಗಿ ಬಂದೆ. 8 ಅಡಿಯದ್ದಕ್ಕೆ ಅಯಸ್ಕಾಂತ ಹಿಡೀತು, ಬಿಟ್ಟೆ. ನೂಲು ಸರಿಯಾಗಿ ಸೋಕ್ತು, ಒದ್ದೆ ಗೋಣಿಗೂ ಚಂದನ ನಿಂತಿತು. ಎಲ್‌ಎನ್‌ಬಿಯ ಮೂರನೇ ತೂತು ಸತ್ತಿದೆ. ಕೇಬಲ್‌ನಲ್ಲಿ 40 ಮೀಟರ್ ಮಾತ್ರ ಒಣಗಿತ್ತು. 90ರದ್ದು, 60ರದ್ದು ಒಂದು, ಎಚ್‌ಡಿಎಂಐ ಬಾಕ್ಸ್ ಎರಡು, ಕೇಬಲ್, ಎಲ್‌ಎನ್‌ಬಿ ಸೇರಿ 1,600ಕ್ಕೆ ಒಪ್ಪಿದ್ರು. ನಾಲ್ಕನೇ ಲೈನ್ ಮನೆಗೆ ಹೊಸ ನಾಲ್ಕರ ಎಲ್‌ಎನ್‌ಬಿ ತರೋದಾ, ಇಲ್ಲಾ ಒಂದು ತೂತಿಗೆ 950-2150 ಸ್ಪ್ಲಿಟರ್ ಹಾಕೋದಾ?

---

ಎಫ್‌ಪಿನ್_ಹಾಸನ

ಇಬ್ಬರೂ ನೋಡೋ ಚಾನೆಲ್ ಒಂದೇ ಧ್ರುವೀಕರಣದಲ್ಲಿದ್ರೆ ಅತಿ ಹತ್ತಿರದ ಎರಡು ಮನೆಗೆ, ಅಂದ್ರೆ 10 ಮೀಟರಿನ ಕಡೆ, ಎರಡು ದಾರಿಯ ಸ್ಪ್ಲಿಟರ್ ಹಾಕಿ. ಎರಡೂ ಕಡೆ ಡಿಸಿ ಹೋಗೋ ಡಯೋಡ್ ಇರೋದು ತಗೊಳ್ಳಿ, ಇಲ್ದಿದ್ರೆ ಒಬ್ಬರು ಬಾಕ್ಸ್ ಆಫ್ ಮಾಡಿದ್ರೆ ಇನ್ನೊಬ್ಬರಿಗೂ ಹೋಗುತ್ತೆ. ಸಾಯೋ ಎಲ್‌ಎನ್‌ಬಿ ಒಂದು ತೂತಿಗೆ ನಿಲ್ಲಲ್ಲ, ಮುಂದಿನ ಮಳೆಗಾಲದ ಮುಂಚೆ ಹೊಸದು ತಂದಿಟ್ಕೊಳ್ಳಿ.